ಬೆಲೆ ಹೇಳಿದವರು ಯಾರು?

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಮನೆ, ನಿವೇಶನ, ಜಮೀನುಗಳಿಗೆ ಬೆಲೆ ಕಟ್ಟುವುದನ್ನೇ ವೃತ್ತಿಯಾಗಿ ಮಾಡಿಕೊಂಡವನು, ಅವನ ತಲೆ ಎಷ್ಟೇ ನರೆತಿರಲಿ, ಅವನು ಅಳೆದು ಬಂದ ಮನೆಗಳು ಎಷ್ಟು ಸಾವಿರವೇ ಆಗಿರಲಿ, ತನ್ನ ಲೈಸೆನ್ಸನ್ನು ನವೀಕರಿಸಿಕೊಳ್ಳಬೇಕಾದರೆ ವರ್ಷಕ್ಕೆ 14 ಗಂಟೆಗಳ ಮೇರೆಗೆ ಮತ್ತೆ ವಿದ್ಯಾರ್ಥಿಯಾಗತಕ್ಕದ್ದೆಂದು ಅಲ್ಲಿಯ ಕಟ್ಟಳೆ. ಎರಡು ವರ್ಷಕ್ಕೊಮ್ಮೆ ನವೀಕರಣವಾಗುವ ರಾಜ್ಯಗಳಲ್ಲಿ ಇದು 28 ಗಂಟೆ. ಪಾಠದ ಲೆಕ್ಕವನ್ನು ನಾಲ್ಕು ವರ್ಷಕ್ಕೊಮ್ಮೆ ನೋಡುವ ಕ್ಯಾಲಿಫೋರ್ನಿಯದಲ್ಲಿ 56 ಗಂಟೆ. ಗಂಟೆಯೆಂದರೇನೆಂಬುದನ್ನೂ ನಿಯಮ ಬಿಡಿಸಿ ಹೇಳಿದೆ: 60 ನಿಮಿಷ, ಅದರಲ್ಲಿ ಕನಿಷ್ಠ 50 ನಿಮಿಷ ಪಾಠವೇ ನಡೆದಿರಬೇಕು. ವರ್ಷದ ನಡುವೆ ಲೈಸೆನ್ಸು ಪಡೆದವನ ಕೈಯಲ್ಲಿ ಅದು ಆ ವರ್ಷ 185 ದಿನ ಇದ್ದಿದ್ದರೆ ಪೂರಾ 14 ಗಂಟೆ. ಒಂದು ದಿನ ಕಡಮೆಯಾದರೂ ಆ ವರ್ಷಕ್ಕೆ ಏನೂ ಇಲ್ಲ. ಒಂದು ಅವಧಿಯೊಳಗೆ ಒಂದೇ ಪಾಠವನ್ನು ಎರಡು ಸಲ ಕೇಳಿ ಲೆಕ್ಕ ತುಂಬಿಸುವಂತಿಲ್ಲ. ಇಷ್ಟೆಲ್ಲ ನಿಷ್ಕರ್ಷೆಯಿದ್ದೂ, ತರಗತಿಯಲ್ಲಿ ಎದುರಿಗೆ ಕುಳಿತು ಕೇಳಿದವನಿಗೆ ಪರೀಕ್ಷೆಯೊಂದನ್ನು, ದೇಶಕ್ಕೆಲ್ಲ ಕನಿಷ್ಠವೆಂದು ಗೊತ್ತುಮಾಡಿದ ಈ ನಿಯಮವು ವಿಧಿಸಿಲ್ಲ. ಕೊನೆಯವರೆಗೆ ಕುಳಿತಿದ್ದರೆ ಸಾಕು. ನಮ್ಮ ಹಳೆಯ ಕೂಲಿಮಠದ ಅಯ್ಯಗಳಾದರೂ ಹುಡುಗನನ್ನು ಎಬ್ಬಿಸಿ ಮಗ್ಗಿ ಒಪ್ಪಿಸಿಕೊಳ್ಳದೆ ಮನೆಗೆ ಬಿಡುತ್ತಿರಲಿಲ್ಲ.

ಒಣ ಕಚೇರಿಯ ಕಾಗದದಂತೆ ತೋರುವ ಈ ಪಾಠಪಟ್ಟಿಯನ್ನು ಕೈಗೆತ್ತಿಕೊಂಡು, ಇದರಲ್ಲಿ ಇಷ್ಟು ಗಂಟೆ ಇದಕ್ಕೆ, ಇಷ್ಟು ಗಂಟೆ ಅದಕ್ಕೆ ಎಂದು ಯಾರು, ಯಾವಾಗ, ಏಕೆ ಹಂಚಿದರೆಂದು ಹುಡುಕಿಕೊಂಡು ಹೊರಟರೆ, ಒಂದೊಂದು ಗಂಟೆಯ ಹಿಂದೆಯೂ ಒಂದೊಂದು ಅನರ್ಥವು ಕಾಣಿಸಿಕೊಳ್ಳುತ್ತದೆ. ಆ ವೃತ್ತಿಯ ಚರಿತ್ರೆಯನ್ನು ಬರೆಯಬೇಕೆನ್ನುವವನು ಬೇರೆಲ್ಲಿಯೂ ಹೋಗಬೇಕಾಗಿಲ್ಲ.

ಮೊದಲಿಗೆ ಬೆಲೆಯೆಂಬ ವಸ್ತುವನ್ನೇ ಸ್ವಲ್ಪ ನೋಡಬೇಕು. ನಮ್ಮ ಊರುಗಳಲ್ಲಿ ಒಂದು ನಿವೇಶನಕ್ಕೆ ಎಷ್ಟಾಗುತ್ತದೆಂದು ಕೇಳಿದರೆ ದಳ್ಳಾಳಿ ಹೇಳುವುದೊಂದು, ಸಬ್‌ರಿಜಿಸ್ಟ್ರಾರರ ಕಚೇರಿಯ ಮಾರ್ಗಸೂಚಿ ದರ ಇನ್ನೊಂದು, ಕ್ರಯಪತ್ರದಲ್ಲಿ ಬರೆದದ್ದು ಮತ್ತೊಂದು. ಬ್ಯಾಂಕಿನ ಕಡೆಯಿಂದ ಟೇಪು ಹಿಡಿದು ಬರುವ ವ್ಯಾಲ್ಯುಯರ್ ಬರೆದುಕೊಡುವುದು ಈ ಮೂರೂ ಅಲ್ಲದ ನಾಲ್ಕನೆಯದು. ಕೇಳಿದ್ದು ಬೆಲೆ, ಕೊಟ್ಟದ್ದು ಕ್ರಯ, ಇರಬೇಕಾದದ್ದು ಮೌಲ್ಯ ಎಂದು ನಾವು ಬೇಕಾದರೆ ಶಬ್ದಗಳನ್ನು ವಿಂಗಡಿಸಿಕೊಳ್ಳಬಹುದು. ಮೌಲ್ಯಮಾಪಕನು ಹೇಳಬೇಕಾದದ್ದು ಈ ಕಡೆಯದನ್ನು. ಅದಕ್ಕೆ ಅವನಿಗೆ ಮೂರು ದಾರಿಗಳಿವೆ: ಅಂಥದೇ ಕಟ್ಟಡವನ್ನು ಇಂದು ಕಟ್ಟಿಸಿದರೆ ಎಷ್ಟಾದೀತೆಂದು ಲೆಕ್ಕ ಹಾಕಿ ಸವಕಳಿಯನ್ನು ಕಳೆಯುವುದು, ಹತ್ತಿರದಲ್ಲಿ ಈಚೆಗೆ ಮಾರಾಟವಾದ ಅಂಥದೇ ಮನೆಗಳನ್ನು ಪಕ್ಕದಲ್ಲಿಟ್ಟು ಹೆಚ್ಚುಕಡಮೆಗಳನ್ನು ಸರಿದೂಗಿಸುವುದು, ಅದರಿಂದ ಬರುವ ಬಾಡಿಗೆಯ ಆದಾಯದ ಮೇಲೆ ಅದರ ಬಂಡವಾಳವನ್ನು ಅಂದಾಜು ಮಾಡುವುದು. ಮೂರರಲ್ಲಿಯೂ ಲೆಕ್ಕ ಅವನದಾದರೂ ಅಂಕಿಗಳು ಬೇರೆಯವರವು. ಯಾರೋ ಹೇಳಿದ ಮಾತನ್ನು ನಂಬಿಯೇ ಅವನು ಗುಣಿಸಬೇಕು, ಭಾಗಿಸಬೇಕು. ಈ ‘ಯಾರೋ’ ಎಂಬವನು ಮುಂದಿನ ಕಥೆಯಲ್ಲಿ ಪದೇ ಪದೇ ಬರುತ್ತಾನೆ.

ಈ ವಿದ್ಯೆಗೆ ಶಾಸ್ತ್ರದ ಉಡುಪು ತೊಡಿಸಿದವರು ಬಹುಮಟ್ಟಿಗೆ ಚಿಕಾಗೋ ನಗರದವರು. 1920ರ ದಶಕದ ನಿವೇಶನಗಳ ಹುಚ್ಚು ಇಳಿದು, 1929ರ ಕುಸಿತದ ತರುವಾಯ ಮನೆಗಳು ಸಾಲಗಾರರ ಕೈತಪ್ಪಿ ಹರಾಜಿಗೆ ಬರುತ್ತಿದ್ದ ದಿನಗಳಲ್ಲಿ, ಬಾಯಿಗೆ ಬಂದಂತೆ ಬೆಲೆ ಹೇಳುತ್ತಿದ್ದ ದಳ್ಳಾಳಿಗೂ ತಮಗೂ ಅಂತರವಿದೆಯೆಂದು ತೋರಿಸಬಯಸಿದ ಕೆಲವರು 1932ರಲ್ಲಿ ಸ್ಥಿರಾಸ್ತಿ ಮೌಲ್ಯಮಾಪಕರ ಅಮೆರಿಕನ್ ಸಂಸ್ಥೆಯೊಂದನ್ನು ಸ್ಥಾಪಿಸಿದರು. ಅದರ ಸದಸ್ಯರು ಹೆಸರಿನ ಮುಂದೆ ಎಂ.ಎ.ಐ. ಎಂಬ ಮೂರಕ್ಷರಗಳನ್ನು ಬರೆದುಕೊಂಡರು. ಸದಸ್ಯತ್ವವನ್ನು ಸೂಚಿಸುವ ಆ ಅಕ್ಷರಗಳನ್ನು ‘ಮೇಡ್ ಆ್ಯಸ್ ಇನ್‌ಸ್ಟ್ರಕ್ಟೆಡ್’, ಅಂದರೆ ಹೇಳಿಕೊಟ್ಟಂತೆ ಬರೆದದ್ದು ಎಂದು ಓದಿಕೊಂಡು ನಗುವ ಕುಚೋದ್ಯಗಾರರು ಆ ವೃತ್ತಿಯೊಳಗೇ ಹುಟ್ಟಿಕೊಂಡರು. ಅದೇ ವರ್ಷ ಫ್ರೆಡರಿಕ್ ಬ್ಯಾಬ್‌ಕಾಕ್ ಎಂಬಾತನ ದೊಡ್ಡ ಗ್ರಂಥವೂ ಹೊರಬಂದಿತು. ಮರುವರ್ಷ, 1933ರಲ್ಲಿ, ಹೋಮರ್ ಹಾಯ್ಟ್ ಎಂಬ ಪಂಡಿತನು ಚಿಕಾಗೋ ನಗರದ ಭೂಮಿಯ ಬೆಲೆ ನೂರು ವರ್ಷಗಳಲ್ಲಿ ಏರಿಳಿದ ಬಗೆಯನ್ನು ಕುರಿತು ತಾನು ಡಾಕ್ಟರೇಟಿಗಾಗಿ ಬರೆದ ಪ್ರಬಂಧವನ್ನು ಪುಸ್ತಕವಾಗಿ ಪ್ರಕಟಿಸಿದನು.

ಪಾಂಡಿತ್ಯದ ದೃಷ್ಟಿಯಿಂದ ಹಾಯ್ಟನ ಪುಸ್ತಕ ಅಸಾಧಾರಣವಾದುದು. ಒಂದು ನಗರದ ಚೌಕಚೌಕದ ಬೆಲೆಯನ್ನು ನೂರು ವರ್ಷ ಹಿಂಬಾಲಿಸಿದ ತಾಳ್ಮೆಯನ್ನು ಮೆಚ್ಚದೆ ವಿಧಿಯಿಲ್ಲ. ಆದರೆ ಅದರ ನಡುವೆ ಒಂದು ಪುಟ್ಟ ಪಟ್ಟಿಯಿದೆ. ಯಾವ ಯಾವ ಜನಾಂಗದವರು ಬಂದು ನೆಲೆಸಿದರೆ ಭೂಮಿಯ ಬೆಲೆಯ ಮೇಲೆ ಎಂಥ ಪರಿಣಾಮವಾಗುತ್ತದೆಂಬುದನ್ನು ಅದು ಉತ್ತಮದಿಂದ ಅಧಮಕ್ಕೆ ಇಳಿಯುತ್ತ ಹತ್ತು ಮೆಟ್ಟಿಲುಗಳಲ್ಲಿ ಹೇಳುತ್ತದೆ: ಮೇಲ್ಗಡೆ ಇಂಗ್ಲಿಷರು, ಜರ್ಮನರು, ಸ್ಕಾಟರು, ಐರಿಷರು, ಸ್ಕ್ಯಾಂಡಿನೇವಿಯದವರು, ಎರಡನೆಯದು ಉತ್ತರ ಇಟಲಿಯವರು, ಹಾಗೆಯೇ ಇಳಿದು ಎಂಟನೆಯದು ದಕ್ಷಿಣ ಇಟಲಿಯವರು, ಒಂಬತ್ತನೆಯದು ಕಪ್ಪು ಜನ, ಹತ್ತನೆಯದು ಮೆಕ್ಸಿಕೋದವರು. ಈ ಶ್ರೇಣಿ ಶಾಸ್ತ್ರದೃಷ್ಟಿಯಿಂದ ತಪ್ಪಾಗಿರಬಹುದು, ಆದರೂ ಜನರ ಅಭಿಪ್ರಾಯ ಅಥವಾ ಪೂರ್ವಗ್ರಹವೊಂದು ಬೆಲೆಯಲ್ಲಿ ಮೂಡುತ್ತದೆಂಬುದಂತೂ ನಿಜ ಎಂಬ ಅರ್ಥದ ಸಮಾಧಾನವನ್ನೂ ಗ್ರಂಥಕರ್ತನು ಸೇರಿಸಿದ್ದಾನೆ. ಪಟ್ಟಿ ಬಂದುದೆಲ್ಲಿಂದ? ಹಾಯ್ಟನು ಅದನ್ನು ಮರೆಸಿಲ್ಲ: ನಗರದ ಪಶ್ಚಿಮ ಭಾಗದ ಒಬ್ಬ ದಳ್ಳಾಳಿ ಹೇಳಿದ್ದು. ನೂರು ವರ್ಷದ ದಾಖಲೆಗಳನ್ನು ಜಾಲಿಸಿದ ವಿದ್ವಾಂಸನು ಈ ಒಂದು ಪುಟಕ್ಕೆ ಮಾತ್ರ ದಳ್ಳಾಳಿಯ ಬಾಯಿಮಾತನ್ನೇ ಪ್ರಮಾಣವಾಗಿ ಇಟ್ಟುಕೊಂಡನಲ್ಲ ಎಂದು ಓದುವವನಿಗೆ ಸೋಜಿಗವಾಗುತ್ತದೆ.

ಪುಸ್ತಕದಲ್ಲಿದ್ದದ್ದು ಪುಸ್ತಕದಲ್ಲಿಯೇ ಉಳಿದಿದ್ದರೆ ಹಾನಿಯಿರಲಿಲ್ಲ. 1934ರಲ್ಲಿ ಸಂಯುಕ್ತ ಸಂಸ್ಥಾನಗಳ ಸರ್ಕಾರವು ಗೃಹಸಾಲಗಳಿಗೆ ವಿಮೆ ಕೊಡುವ ವಸತಿ ಆಡಳಿತವನ್ನು ಸ್ಥಾಪಿಸಿದಾಗ ಬ್ಯಾಬ್‌ಕಾಕನು ಅದರ ಸಾಲಪರಿಶೀಲನೆಯ ವಿಭಾಗಕ್ಕೆ ಮುಖ್ಯಸ್ಥನಾದನು. ಹಾಯ್ಟನು ಅರ್ಥಶಾಸ್ತ್ರಜ್ಞನಾಗಿ ಅಲ್ಲಿಗೇ ಬಂದನು. ಆ ಆಡಳಿತದ ಕೈಪಿಡಿಯ 1936ರ ಮತ್ತು 1938ರ ಆವೃತ್ತಿಗಳು, ನೆರೆಹೊರೆಯ ಸ್ಥಿರತೆ ಉಳಿಯಬೇಕಾದರೆ ಒಂದೇ ವರ್ಗದ, ಒಂದೇ ಬಣ್ಣದ ಜನ ಅಲ್ಲಿ ವಾಸಮಾಡುತ್ತಿರಬೇಕೆಂದೂ, ಹೊಂದದ ಜನ ಬರದಂತೆ ಕ್ರಯಪತ್ರದಲ್ಲಿಯೇ ನಿರ್ಬಂಧ ಬರೆಸುವುದು ಒಳ್ಳೆಯದೆಂದೂ ಮೌಲ್ಯಮಾಪಕನಿಗೆ ಬೋಧಿಸಿದುವು. ಒಬ್ಬ ದಳ್ಳಾಳಿಯ ಮಾತು ಪ್ರಬಂಧವಾಗಿ, ಪ್ರಬಂಧದ ಮನೋಭಾವವೇ ಸರ್ಕಾರದ ಕೈಪಿಡಿಯದೂ ಆಗಿ, ಕೈಪಿಡಿಯಿಂದ ಊರೂರಿನ ಮೌಲ್ಯಮಾಪಕನ ಲೇಖನಿಗೆ ಇಳಿಯಲು ಐದಾರು ವರ್ಷಗಳು ಸಾಕಾದುವು.

ಇದಕ್ಕೆ ಸಮಕಾಲೀನವಾಗಿ, 1933ರಲ್ಲಿ ಹುಟ್ಟಿದ ಗೃಹಮಾಲಿಕರ ಸಾಲ ನಿಗಮವು ಹತ್ತು ಲಕ್ಷದಷ್ಟು ಕುಟುಂಬಗಳ ಅಡಮಾನ ಸಾಲಗಳನ್ನು ತಾನು ವಹಿಸಿಕೊಂಡು ಮನೆಗಳನ್ನು ಹರಾಜಿನಿಂದ ಉಳಿಸಿತು. ಆಮೇಲೆ 1935ರಿಂದ 1940ರವರೆಗೆ ಇನ್ನೂರಕ್ಕೂ ಮಿಕ್ಕ ನಗರಗಳಿಗೆ ನಾಲ್ಕು ಬಣ್ಣದ ನಕ್ಷೆಗಳನ್ನು ಬರೆಯಿಸಿತು. ಉತ್ತಮ ಬಡಾವಣೆಗೆ ಹಸುರು, ಅನಂತರದ್ದಕ್ಕೆ ನೀಲಿ, ಇಳಿಗಾಲದ್ದಕ್ಕೆ ಹಳದಿ, ಅಪಾಯದ್ದೆಂದು ಬಗೆದುದಕ್ಕೆ ಕೆಂಪು. ಈ ನಕ್ಷೆಗಳಿಂದಲೇ ಎಲ್ಲ ಅನ್ಯಾಯವೂ ಹುಟ್ಟಿತೆಂದು ಹೇಳುವ ರೂಢಿಯುಂಟು; ಅದು ಪೂರ್ತಿ ಸರಿಯಲ್ಲ, ಏಕೆಂದರೆ ನಿಗಮವು ತನ್ನ ಸಾಲಗಳಲ್ಲಿ ಬಹುಭಾಗವನ್ನು ನಕ್ಷೆಗಳು ಸಿದ್ಧವಾಗುವ ಮೊದಲೇ ಕೊಟ್ಟುಬಿಟ್ಟಿದ್ದಿತು, ಕಪ್ಪು ಜನರಿಗೂ ಕೊಟ್ಟಿದ್ದಿತು. ಹೆಚ್ಚು ಕಾಲ, ಹೆಚ್ಚು ಆಳಕ್ಕೆ ಕೆಲಸ ಮಾಡಿದ್ದು ವಸತಿ ಆಡಳಿತದ ಕೈಪಿಡಿ. ಆದರೂ ನಕ್ಷೆ ಕಣ್ಣಿಗೆ ಕಟ್ಟುತ್ತದೆ, ಕೈಪಿಡಿ ಕಟ್ಟುವುದಿಲ್ಲ. ಆದ್ದರಿಂದ ನಿಂದೆಯೆಲ್ಲ ಬಣ್ಣಕ್ಕೆ ಹತ್ತಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಈ ತಪ್ಪು ಮಾಡಿದವರು ಓದು ಸಾಲದವರಲ್ಲ. ಆ ವೃತ್ತಿಯಲ್ಲಿ ಅಂದು ಇದ್ದವರೊಳಗೆಲ್ಲ ಹೆಚ್ಚು ಓದಿದವರು. ತರಗತಿಗಳಲ್ಲಿ ಬೋಧನೆಯಾದದ್ದೇ ಇದು. 1968ರಲ್ಲಿ ವಸತಿಯ ವಿಷಯದಲ್ಲಿ ಭೇದ ಮಾಡಕೂಡದೆಂಬ ಕಾನೂನು ಬಂದ ಮೇಲೆಯೂ ಆ ಬೋಧನೆ ಒಮ್ಮೆಗೇ ನಿಲ್ಲಲಿಲ್ಲ. 1976ರಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆಯೇ ಮೌಲ್ಯಮಾಪಕರ ಸಂಸ್ಥೆಯ ಮೇಲೆ ದಾವಾ ಹೂಡಬೇಕಾಯಿತು; 1977ರಲ್ಲಿ ರಾಜಿಯಾಗಿ, ಒಂದೇ ಜಾತಿಯ ಜನ ಇದ್ದರೆ ಮಾತ್ರ ಹೆಚ್ಚಿನ ಬೆಲೆ ಎಂಬ ಊಹೆಯ ಮೇಲೆ ಮೌಲ್ಯ ಕಟ್ಟುವುದು ಅನುಚಿತವೆಂದು ಸಂಸ್ಥೆ ಒಪ್ಪಿ ತನ್ನ ಪಾಠಗಳನ್ನು ತಿದ್ದಿಕೊಂಡಿತು. ಪಠ್ಯಪುಸ್ತಕವನ್ನು ತಿದ್ದಿಸಲು ಸರ್ಕಾರವು ನ್ಯಾಯಾಲಯದ ಮೆಟ್ಟಿಲು ಹತ್ತಿದ ಪ್ರಸಂಗ ಬೇರೆ ವೃತ್ತಿಗಳ ಚರಿತ್ರೆಯಲ್ಲಿ ಹೆಚ್ಚಾಗಿ ಸಿಕ್ಕಲಾರದು.

ಎರಡನೆಯ ಅನರ್ಥವು ನಡೆದದ್ದು ಟೆಕ್ಸಾಸಿನಲ್ಲಿ. 1980ರ ಕಾನೂನು ಉಳಿತಾಯ ಮತ್ತು ಸಾಲದ ಸಂಘಗಳ ಠೇವಣಿಗಳಿಗೆ ಸರ್ಕಾರ ಕೊಡುವ ವಿಮೆಯನ್ನು 40,000 ಡಾಲರಿನಿಂದ 1,00,000 ಡಾಲರಿಗೆ ಏರಿಸಿತು. 1982ರ ಕಾನೂನು ಆ ಸಂಘಗಳು ತಮಗೆ ತೋರಿದ ಕಡೆ ಸಾಲ ಕೊಡಲು ಬಾಗಿಲು ತೆರೆಯಿತು. ಅದುವರೆಗೆ ಊರಿನ ಮನೆಗಳಿಗೆ ಸಾಲ ಕೊಟ್ಟುಕೊಂಡು, ಸಂಜೆ ನಾಲ್ಕಕ್ಕೆ ಬಾಗಿಲು ಹಾಕಿಕೊಂಡು ಹೋಗುತ್ತಿದ್ದಂಥ ಸಣ್ಣ ಸಂಘಗಳಿಗೆ ಒಮ್ಮೆಗೇ ರೆಕ್ಕೆ ಮೂಡಿದುವು. ಡಲ್ಲಾಸ್ ನಗರದ ಮಗ್ಗುಲಿನ ಮೆಸ್ಕೀಟ್ ಎಂಬ ಊರಿನ ಎಂಪೈರ್ ಸಂಘವು ಎರಡು ವರ್ಷವೂ ತುಂಬದೊಳಗೆ ಹತ್ತಾರು ಪಟ್ಟು ಬೆಳೆಯಿತು. ಬೆಳೆದ ಬಗೆ ಇದು: ನಗರದಿಂದ ಪೂರ್ವಕ್ಕೆ ಹೋಗುವ 30ನೆಯ ಅಂತರರಾಜ್ಯ ಹೆದ್ದಾರಿಯ ಅಕ್ಕಪಕ್ಕದ ಬಯಲು ಭೂಮಿಯನ್ನು ಒಬ್ಬನು ಕೊಂಡು ತನ್ನವನೇ ಆದ ಇನ್ನೊಬ್ಬನಿಗೆ ಮಾರುವನು, ಅವನು ಮತ್ತೊಬ್ಬನಿಗೆ, ಕೆಲವು ವೇಳೆ ಒಂದೇ ಹಗಲಿನಲ್ಲಿ, ಒಂದೇ ಮೇಜಿನ ಸುತ್ತ, ಕ್ರಯಪತ್ರಗಳು ಕೈಯಿಂದ ಕೈಗೆ ದಾಟುತ್ತಿದ್ದಂತೆ ಬೆಲೆ ಇಮ್ಮಡಿ ಮುಮ್ಮಡಿಯಾಗುವುದು. ಕೊನೆಯ ಬೆಲೆಗೆ ಸಂಘವು ಸಾಲ ಕೊಡುವುದು. ಆ ಬೆಲೆ ಸರಿಯೆಂಬುದಕ್ಕೆ ಸಾಕ್ಷಿಯೇನು? ಮೌಲ್ಯಮಾಪಕನ ವರದಿ. ವರದಿಗೆ ಆಧಾರವೇನು? ಪಕ್ಕದ ಭೂಮಿಯ ಈಚಿನ ಮಾರಾಟ, ಅಂದರೆ ನಿನ್ನೆ ಅದೇ ಮೇಜಿನ ಸುತ್ತ ನಡೆದ ಅದೇ ಆಟ. ಅಂಥದೇ ಮನೆಗಳನ್ನು ಪಕ್ಕದಲ್ಲಿಟ್ಟು ಹೋಲಿಸುವ ಶಾಸ್ತ್ರೋಕ್ತ ಮಾರ್ಗದಿಂದ ಇಷ್ಟು ಕೆಳಕ್ಕೆ ಜಾರಬಹುದೆಂದು ಅದನ್ನು ಬೋಧಿಸಿದವರು ಎಣಿಸಿರಲಾರರು. ವರದಿಯ ರೀತಿನೀತಿಗಳಲ್ಲಿ ಒಂದು ಕುಂದನ್ನೂ ತೋರಿಸದೆಯೇ ಬೆಲೆಯನ್ನು ಸುಳ್ಳಾಗಿಸಬಹುದಾಗಿತ್ತು.

ಆ ಬಯಲಿನಲ್ಲಿ ಸಾವಿರಗಟ್ಟಲೆ ಮನೆಗಳ ಸಮುಚ್ಚಯಗಳು ಎದ್ದುವು; ಕೆಲವು ಅರ್ಧಕ್ಕೆ ನಿಂತುವು, ಕೆಲವು ಕಡೆ ಕಾಂಕ್ರೀಟಿನ ನೆಲಗಟ್ಟುಗಳಷ್ಟೇ ಹುಲ್ಲಿನ ನಡುವೆ ಉಳಿದುವು. ಸಂಘಗಳ ಮೇಲ್ವಿಚಾರಣೆಯ ಮಂಡಲಿಗೆ ಅಂದು ಅಧ್ಯಕ್ಷನಾಗಿದ್ದ ಎಡ್ವಿನ್ ಗ್ರೇ ಎಂಬವನು ಆ ಸಾಲುಗಳ ಚಲಚ್ಚಿತ್ರವನ್ನು ನೋಡಿ ದಿಗ್ಭ್ರಾಂತನಾದನೆಂದು ಹೇಳುತ್ತಾರೆ. 1984ರ ಮಾರ್ಚಿಯಲ್ಲಿ ಎಂಪೈರ್ ಸಂಘವನ್ನು ಮುಚ್ಚಿಸಲಾಯಿತು. ಅದು ಮೊದಲನೆಯ ಬಿರುಕು ಮಾತ್ರ. 1986ರಿಂದ 1995ರವರೆಗಿನ ಹತ್ತು ವರ್ಷಗಳಲ್ಲಿ ದೇಶದಲ್ಲಿದ್ದ 3,234 ಸಂಘಗಳ ಪೈಕಿ 1,043 ಮುಳುಗಿದುವು; ತೆರಿಗೆ ಕೊಡುವ ಜನ ತೆತ್ತದ್ದು ಸುಮಾರು 12,400 ಕೋಟಿ ಡಾಲರು. ಬೆಲೆ ಕಟ್ಟಿದವನೊಬ್ಬನ ತಪ್ಪಿನಿಂದ ಇಷ್ಟೂ ಆಯಿತೆನ್ನುವುದು ಅನ್ಯಾಯ. ಬಡ್ಡಿಯ ದರ, ಎಣ್ಣೆಯ ಬೆಲೆ, ಕಾನೂನಿನ ಸಡಿಲ, ಎಲ್ಲವೂ ಪಾಲುಗಾರರೇ. ಆದರೆ ಎಷ್ಟೋ ಕೆಟ್ಟ ಸಾಲಗಳ ಕಡತಗಳಲ್ಲಿ ಸಹಿ ಹಾಕಿದ ಒಂದು ಮೌಲ್ಯಮಾಪನ ವರದಿ ಅಚ್ಚುಕಟ್ಟಾಗಿ ಇರುತ್ತಿದ್ದಿತು.

ಜಾರ್ಜಿಯ ರಾಜ್ಯದ ಪ್ರತಿನಿಧಿ ಡಗ್ ಬಾರ್ನಾರ್ಡನ ಉಪಸಮಿತಿಯು 1985ರ ಕೊನೆಯಲ್ಲಿ ಈ ವೃತ್ತಿಯನ್ನೇ ವಿಚಾರಣೆಗೆ ಗುರಿಮಾಡಿತು. ಅಂದಿನ ಸ್ಥಿತಿ ವಿಚಿತ್ರವಾಗಿದ್ದಿತು. ಮಿನಸೋಟಾ ರಾಜ್ಯವು ಕ್ಷೌರಿಕನಿಗೆ ಲೈಸೆನ್ಸು ಬೇಕೆಂದು 1897ರಲ್ಲಿಯೇ ಕಾನೂನು ಮಾಡಿ, ಇತರ ರಾಜ್ಯಗಳು ಒಂದೊಂದಾಗಿ ಅದನ್ನು ಅನುಸರಿಸಿ ಎಷ್ಟೋ ಕಾಲವಾಗಿದ್ದಿತು. ಕೋಟ್ಯಂತರ ಡಾಲರಿನ ಸಾಲಕ್ಕೆ ಬುನಾದಿಯಾದ ಬೆಲೆಯನ್ನು ಬರೆದುಕೊಡುವವನಿಗೆ ಮಾತ್ರ ದೇಶವ್ಯಾಪಿಯಾದ ಯಾವ ಲೈಸೆನ್ಸೂ ಬೇಕಾಗಿರಲಿಲ್ಲ. ಸರ್ಕಾರವು ಕೈಹಾಕುವ ಮೊದಲೇ ತಾವು ಎಚ್ಚರಗೊಳ್ಳುವುದು ಮೇಲೆಂದು ಒಂಬತ್ತು ವೃತ್ತಿಸಂಸ್ಥೆಗಳು ಕಲೆತು ಏಕರೂಪದ ಮಾನದಂಡಗಳನ್ನು ರಚಿಸಿದುವು. ಅವುಗಳ ಉದ್ದನೆಯ ಹೆಸರನ್ನು ಕುಗ್ಗಿಸಿ ‘ಯೂಸ್‌ಪ್ಯಾಪ್’ ಎನ್ನುತ್ತಾರೆ. 1987ರಲ್ಲಿ ಅವನ್ನು ಕಾಪಾಡುವುದಕ್ಕೆಂದು ಮೌಲ್ಯಮಾಪನ ಪ್ರತಿಷ್ಠಾನ ಹುಟ್ಟಿತು. 1989ರ ಆಗಸ್ಟ್ 9ರಂದು ಹಿರಿಯ ಬುಷ್ ಅವರು ಸಹಿ ಹಾಕಿದ ಮಹಾಕಾನೂನಿನ ಹನ್ನೊಂದನೆಯ ಅಧ್ಯಾಯವು, ಕೇಂದ್ರ ಸರ್ಕಾರದ ಸಂಬಂಧವುಳ್ಳ ಸಾಲಗಳಿಗೆ ರಾಜ್ಯವು ಲೈಸೆನ್ಸು ಕೊಟ್ಟ ಮೌಲ್ಯಮಾಪಕನೇ ಬೆಲೆ ಕಟ್ಟಬೇಕೆಂದು ವಿಧಿಸಿತು. ಏರ್ಪಾಡು ಮಾತ್ರ ನಮ್ಮ ಅವಿಭಕ್ತ ಕುಟುಂಬದ ಆಡಳಿತವನ್ನು ನೆನಪಿಗೆ ತರುತ್ತದೆ: ಅರ್ಹತೆಗಳನ್ನು ಗೊತ್ತುಪಡಿಸುವುದು ಖಾಸಗಿ ಪ್ರತಿಷ್ಠಾನದ ಒಂದು ಮಂಡಲಿ, ಲೈಸೆನ್ಸು ಕೊಡುವುದು ರಾಜ್ಯ, ಇಬ್ಬರ ಮೇಲೂ ಕಣ್ಣಿಟ್ಟಿರುವುದು ಕೇಂದ್ರದ ಮೌಲ್ಯಮಾಪನ ಉಪಸಮಿತಿ. ಏನಾದರೂ ಕೆಟ್ಟಾಗ ‘ನಾನಲ್ಲ’ ಎನ್ನಲು ಮೂವರಿಗೂ ಅನುಕೂಲ.

ನವೀಕರಣದ ಪಾಠಗಳು ಹೀಗೆ ಕಾನೂನಿನ ಬೆಂಬಲದಿಂದ ಕಡ್ಡಾಯವಾದುವು. ಅವುಗಳಲ್ಲಿ 7 ಗಂಟೆ ಯೂಸ್‌ಪ್ಯಾಪಿನ ಹೊಸ ಸಂಗತಿಗಳಿಗೆ ಮೀಸಲು. ಎರಡು ವರ್ಷಕ್ಕೊಮ್ಮೆ ಅದನ್ನು ಕೇಳದೆ ಯಾರಿಗೂ ಬಿಡುಗಡೆಯಿಲ್ಲ. ಮಾನದಂಡದ ಪುಸ್ತಕ ಎರಡು ವರ್ಷಕ್ಕೊಮ್ಮೆ ಹೊಸದಾಗಿ ಬರುತ್ತಿದ್ದಷ್ಟು ಕಾಲ ಇದಕ್ಕೆ ಅರ್ಥವೂ ಇದ್ದಿತು. 2024ರ ಜನವರಿಯಲ್ಲಿ ಜಾರಿಗೆ ಬಂದ ಆವೃತ್ತಿಗೆ ಮುಕ್ತಾಯದ ದಿನವನ್ನೇ ಹಾಕಿಲ್ಲ. ಪುಸ್ತಕ ಬದಲಾಗದಿದ್ದರೂ ‘ಬದಲಾವಣೆಯ ಪಾಠ’ ಮಾತ್ರ ಎರಡು ವರ್ಷಕ್ಕೊಮ್ಮೆ ತಪ್ಪದೆ ಬರುತ್ತದೆ. ನಮ್ಮ ದೇಶದಲ್ಲಿಯೂ 2017ರ ನಿಯಮಗಳ ತರುವಾಯ ನೋಂದಾಯಿತ ಮೌಲ್ಯಮಾಪಕನಾಗಬೇಕೆಂಬ ಬೆಂಗಳೂರಿನ ಎಂಜಿನಿಯರನು 50 ಗಂಟೆಯ ಪಾಠ ಕೇಳಿ ಪರೀಕ್ಷೆಗೆ ಕೂರಬೇಕಾಗಿದೆಯಾದ್ದರಿಂದ, ಈ ಕಥೆ ನಮಗೆ ತೀರ ದೂರದ್ದೂ ಅಲ್ಲ.

ಮೂರನೆಯ ಅನರ್ಥವನ್ನು ಎಲ್ಲರೂ ಬಲ್ಲರು. ಬೇಗ ಹೇಳಿ ಮುಗಿಸಬಹುದು. 2000ದಿಂದ 2007ರವರೆಗೆ ಮನೆಯ ಸಾಲಗಳು ಪ್ರವಾಹದಂತೆ ಹರಿದಾಗ, ಸಾಲ ಕೊಡುವವರು ಮೌಲ್ಯಮಾಪಕನಿಗೆ ಕಳುಹಿಸುವ ಆದೇಶದ ಕಾಗದದಲ್ಲಿಯೇ ‘ಅಂದಾಜು ಬೆಲೆ’ ಎಂಬ ಮನೆಯಲ್ಲಿ ತಮಗೆ ಬೇಕಾದ ಅಂಕಿಯನ್ನು ಬರೆದು ಕಳುಹಿಸುತ್ತಿದ್ದರು. ಆ ಅಂಕಿಗೆ ಮುಟ್ಟಿಸದವನಿಗೆ ಮುಂದೆ ಕೆಲಸ ಬರುತ್ತಿರಲಿಲ್ಲ. ಸುಮಾರು 11,000 ಮೌಲ್ಯಮಾಪಕರು ಈ ಒತ್ತಡದ ವಿರುದ್ಧ ಒಂದು ಮನವಿಗೆ ಸಹಿ ಹಾಕಿ ಸರ್ಕಾರಕ್ಕೆ ಒಪ್ಪಿಸಿದರು. ಅವರೆಲ್ಲ ಲೈಸೆನ್ಸುಳ್ಳವರು, ಗಂಟೆಗಳನ್ನು ತಪ್ಪದೆ ತುಂಬಿಸಿದವರು. ಕುಸಿತವಾದ ಮೇಲೆ 2009ರಲ್ಲಿಯೂ 2010ರಲ್ಲಿಯೂ ಸಾಲ ಕೊಡುವವನ ಕೈ ಮೌಲ್ಯಮಾಪಕನ ಮೇಲೆ ಬೀಳದಂತೆ ನಿಯಮಗಳು ಬಂದುವು.

ಹೀಗೆ ನೋಡಿದರೆ 1930ರ ದಶಕದವರು ಕಲಿತು ತಪ್ಪಿದರು, 1980ರವರು ಕಲಿಯದೆಯೋ ಹಣಕ್ಕಾಗಿಯೋ ತಪ್ಪಿದರು, 2000ದ ಈಚಿನವರು ತಿಳಿದೂ ಹೇಳಲಾರದೆ ತಪ್ಪಿದರು. ಮೂರು ರೋಗಗಳಿಗೂ ವೈದ್ಯನು ಮಾತ್ರ ಒಂದೇ ಕಷಾಯವನ್ನು ಬರೆದುಕೊಟ್ಟನು: ಇನ್ನಷ್ಟು ಪಾಠ. ನನ್ನ ಮಟ್ಟಿಗೆ ಹೇಳುವುದಾದರೆ, ಎರಡನೆಯದಕ್ಕೆ ಅದು ಸ್ವಲ್ಪ ತಾಗಿತು. ಮೂರನೆಯದಕ್ಕೆ ತಾಗುವಂತೆಯೇ ಇರಲಿಲ್ಲ, ಸಾಲ ಕೊಡುವವನನ್ನು ತರಗತಿಯಲ್ಲಿ ಕೂರಿಸಿದ್ದರೆ ಉಪಯೋಗವಾಗುತ್ತಿತ್ತೋ ಏನೋ. ಮೊದಲನೆಯದಕ್ಕೆ ಮದ್ದು ಬಂದುದು ತೊಂಬತ್ತು ವರ್ಷಗಳ ಮೇಲೆ. ಮೌಲ್ಯಮಾಪನದಲ್ಲಿ ಪಕ್ಷಪಾತ ಮತ್ತು ವಸತಿಯ ಸಮಾನತೆಯನ್ನು ಕುರಿತ ಪಾಠವನ್ನು ಮೊದಲ ಸಲ 7 ಗಂಟೆ, ಆಮೇಲೆ ಎರಡು ವರ್ಷಕ್ಕೊಮ್ಮೆ 4 ಗಂಟೆ ಕೇಳತಕ್ಕದ್ದೆಂದು ಅರ್ಹತೆಯ ಮಂಡಲಿಯು 2026ರ ಜನವರಿ 1ರಿಂದ ಅನ್ವಯವಾಗುವಂತೆ ಗೊತ್ತುಪಡಿಸಿತು. ಹಿಂದೆ ಪಾಠದಲ್ಲಿ ಕಲಿಸಿದ್ದನ್ನೇ ಈಗ ಪಾಠದಲ್ಲಿ ಮರೆಸಬೇಕಾಗಿದೆ.

ಗೃಹಮಾಲಿಕರ ಸಾಲ ನಿಗಮದ ಹಳೆಯ ನಕ್ಷೆಗಳನ್ನೂ ಅವುಗಳ ಜೊತೆಯ ನಮೂನೆಗಳನ್ನೂ ರಿಚ್ಮಂಡ್ ವಿಶ್ವವಿದ್ಯಾಲಯದವರು ಈಗ ಎಲ್ಲರೂ ನೋಡುವಂತೆ ಇಟ್ಟಿದ್ದಾರೆ. ಟೈಪು ಮಾಡಿದ ಒಂದೇ ಹಾಳೆ. ಮೇಲೆ ನಗರದ ಹೆಸರು, ಬಡಾವಣೆಯ ದರ್ಜೆ. ಕೆಳಗೆ ನಿವಾಸಿಗಳೆಂಬ ತಲೆಬರಹ. ಅವರ ಕಸುಬೇನು, ಕುಟುಂಬದ ವರಮಾನವೆಷ್ಟು, ಪರದೇಶದಲ್ಲಿ ಹುಟ್ಟಿದವರು ಶೇಕಡ ಎಷ್ಟು, ಕಪ್ಪು ಜನ ಇದ್ದಾರೆಯೇ, ಇದ್ದರೆ ಎಷ್ಟು. ಅದರ ಕೆಳಗಿನ ಅಂಕಣದ ಹೆಸರು ‘ನುಸುಳುತ್ತಿರುವವರು’. ಗೋಡೆಯೊಳಗೆ ಸೇರುವ ಗೆದ್ದಲಿಗೆ ಹೇಳುವಂಥ ಆ ಮಾತಿನ ಮುಂದೆ ಒಂದು ಗೆರೆ, ತುಂಬುವುದಕ್ಕೆ. ಆಮೇಲೆ ಕಟ್ಟಡಗಳ ವಯಸ್ಸು, ದುರಸ್ತಿ, ಬಾಡಿಗೆ, ಮಾರಾಟ, ಸಾಲದ ಹಣ ಸಿಕ್ಕುವ ಬಗೆ. ಹಾಳೆಯ ತುದಿಯಲ್ಲಿ, ತಾರೀಖಿನ ಪಕ್ಕಕ್ಕೆ, ಹದಿನೈದನೆಯ ಅಂಕಣ: ಈ ನಮೂನೆಯ ವಿವರಗಳನ್ನು ಯಾರಿಂದ ಪಡೆಯಲಾಯಿತು. ಆ ಗೆರೆಯ ಮೇಲೆ ಊರಿನ ದಳ್ಳಾಳಿಗಳ ಹೆಸರುಗಳು.